ಡಾ. ಆ. ನೇ. ಉಪಾಧ್ಯೆ: ಗ್ರಂಥಸಂಪಾದನೆ ಮತ್ತು ವಿಶ್ವವಿದ್ಯಾನಿಲಯದ ಆಡಳಿತ

ಪ್ರಾಕೃತ ಭಾಷೆಗಳ ಅಭ್ಯಾಸವು ಮಠಗಳ ಹಾಗೂ ಶಾಸ್ತ್ರಭಂಡಾರಗಳ ಆವರಣದಿಂದ ವಿಶ್ವವಿದ್ಯಾನಿಲಯಗಳ ಪಾಠಪಟ್ಟಿಗೆ ಬಂದ ಇತಿಹಾಸದಲ್ಲಿ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರ (1906–1975) ಸ್ಥಾನ ಹಿರಿದು. ಅವರನ್ನು ಗ್ರಂಥಸಂಪಾದಕರೆಂದು ಬಲ್ಲವರು ಬಹುಮಂದಿ. ಪ್ರಾಧ್ಯಾಪಕರಾಗಿ, ಕಲಾನಿಕಾಯದ ಡೀನರಾಗಿ, ಗ್ರಂಥಮಾಲೆಗಳ ಪ್ರಧಾನ ಸಂಪಾದಕರಾಗಿ ಅವರು ಹೊತ್ತ ಹೊಣೆಗಳ ಕಡೆಗೆ ಗಮನ ಹರಿದುದು ಕಡಮೆ. ಇವೆರಡು ಬಗೆಯ ಕೆಲಸಗಳು ಒಂದನ್ನೊಂದು ಎಷ್ಟರಮಟ್ಟಿಗೆ ಪೋಷಿಸಿದವು, ಎಷ್ಟರಮಟ್ಟಿಗೆ ತಡೆದವು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಉಪಾಧ್ಯೆಯವರ ಮನೆಮಾತು ಕನ್ನಡ. ಪುಣೆಯಲ್ಲಿ ಪಿ. ಎಲ್. ವೈದ್ಯರಂಥವರಿಂದ ಆಧುನಿಕ ಸಂಪಾದನಕ್ರಮವನ್ನು ಕಲಿತು, 1930ರಲ್ಲಿ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. 1962ರವರೆಗೂ ಅಲ್ಲಿಯೇ ಇದ್ದರು. ಒಂದು ಭಾಷೆಯನ್ನು ಕಾಲೇಜಿನಲ್ಲಿ ಬೋಧಿಸಬೇಕಾದರೆ ಪಠ್ಯ ಬೇಕು, ಟಿಪ್ಪಣಿ ಬೇಕು, ಪರೀಕ್ಷಕರು ಬೇಕು. 1934ರಲ್ಲಿ ಹೊರಬಂದ ‘ಪಂಚಸುತ್ತ’ದ ಆವೃತ್ತಿಯ ಹಿಂದೆ ಇಂಥ ಅಗತ್ಯವಿದ್ದಿತೆಂದು ಊಹಿಸಲು ಅಡ್ಡಿಯಿಲ್ಲ. ಮರುವರ್ಷವೇ ಕುಂದಕುಂದಾಚಾರ್ಯರ ‘ಪ್ರವಚನಸಾರ’ವು ವಿಸ್ತಾರವಾದ ಪೀಠಿಕೆಯೊಡನೆ ಪ್ರಕಟವಾಯಿತು. ಪಠ್ಯಪುಸ್ತಕವನ್ನು ಸಿದ್ಧಪಡಿಸುವ ಕೈಯೂ ಆಚಾರ್ಯರ ಕಾಲನಿರ್ಣಯಕ್ಕೆ ತೊಡಗುವ ಕೈಯೂ ಒಂದೇ ಆಗಿದ್ದುದು ಆ ಕಾಲದ ಪ್ರಾಕೃತ ಅಧ್ಯಾಪಕರ ಭಾಗ್ಯವೋ ಭಾರವೋ ಹೇಳುವುದು ಕಷ್ಟ.

ಸಂಶೋಧಕರಾಗಿ ಅವರ ನಡೆಯನ್ನು ತಿಳಿಯಲು ‘ವರಾಂಗಚರಿತ’ದ ಪ್ರಸಂಗ ಸಾಕು. ಜಿನಸೇನರ ‘ಹರಿವಂಶಪುರಾಣ’ವು ಈ ಕಾವ್ಯವನ್ನು ಹೊಗಳಿದರೂ ಆ ಪದ್ಯದಲ್ಲಿ ಕರ್ತೃವಿನ ಹೆಸರಿಲ್ಲ. ರವಿಷೇಣರ ಪ್ರಶಂಸೆಯ ಸಮೀಪದಲ್ಲಿಯೇ ಅದು ಬರುವುದರಿಂದ ವಿದ್ವಾಂಸರು ಕಾವ್ಯವನ್ನು ರವಿಷೇಣರದೆಂದೇ ಎಣಿಸಿದ್ದರು. ಕೊಲ್ಹಾಪುರದ ಲಕ್ಷ್ಮೀಸೇನ ಮಠದ ತಾಡವೋಲೆಯಲ್ಲಿ ಉಪಾಧ್ಯೆಯವರಿಗೆ ಕಾವ್ಯವು ದೊರೆತ ಮೇಲೆ ಪ್ರಶ್ನೆ ಬೇರೆಯಾಯಿತು. ಉದ್ಯೋತನಸೂರಿಯು ‘ಕುವಲಯಮಾಲೆ’ಯಲ್ಲಿ ಜಟಿಲ ಮತ್ತು ರವಿಷೇಣ ಇಬ್ಬರನ್ನೂ ಬೇರೆಬೇರೆಯಾಗಿ ಹೆಸರಿಸುತ್ತಾನೆ. ಚಾವುಂಡರಾಯ, ಪಂಪ, ನಯಸೇನ, ಜನ್ನ ಮೊದಲಾದ ಕನ್ನಡ ಗ್ರಂಥಕಾರರು ಜಟಾಚಾರ್ಯರನ್ನು ಸ್ಮರಿಸುತ್ತಾರೆ. ಕೊಪ್ಪಳದ ಶಾಸನವೊಂದರಲ್ಲಿ ಜಟಾಸಿಂಹನಂದ್ಯಾಚಾರ್ಯರ ಪಾದಗಳ ಉಲ್ಲೇಖವಿದೆ. ಓಲೆ, ಕಾವ್ಯ, ಶಿಲೆ ಈ ಮೂರರ ಸಾಕ್ಷ್ಯವನ್ನು ಕೂಡಿಸಿ 1938ರಲ್ಲಿ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಲ್ಲಿ ಕೃತಿಯು ಜಟಾಸಿಂಹನಂದಿಯ ಹೆಸರಿನಲ್ಲಿಯೇ ಪ್ರಕಟವಾಯಿತು. ಕನ್ನಡ ಬಲ್ಲ ಸಂಪಾದಕನಲ್ಲದಿದ್ದರೆ ಈ ಸಾಕ್ಷ್ಯದ ಬಹುಭಾಗ ಕಣ್ಣಿಗೆ ಬೀಳುತ್ತಿರಲಿಲ್ಲ.

ಲಿಪಿಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಕನ್ನಡ ಲಿಪಿಯ ಪ್ರಾಕೃತ ಓಲೆಗಳಲ್ಲಿ ದ್ವಿತ್ವಾಕ್ಷರದ ಬದಲು ಹಿಂದಿನ ಅಕ್ಷರದ ಮುಂದೆ ಸೊನ್ನೆಯನ್ನು ಇಡುವ ವಾಡಿಕೆಯುಂಟು. ‘ಸವ್ವ’ ಎಂಬುದು ‘ಸಂವ’ ಎಂದು ಕಾಣುತ್ತದೆ. ಲಕಾರದ ಸ್ಥಾನದಲ್ಲಿ ಳಕಾರ ಬರುವುದೂ ಸಾಮಾನ್ಯ. ಇದನ್ನರಿಯದೆ ನಾಗರಿಗೆ ಇಳಿಸಿದ ಪ್ರತಿಗಳಲ್ಲಿ ಇಲ್ಲದ ಪಾಠಾಂತರಗಳು ಹುಟ್ಟಿಕೊಳ್ಳುತ್ತವೆ. ಜೋಇಂದುವಿನ ‘ಪರಮಾತ್ಮಪ್ರಕಾಶ’ವನ್ನು 1937ರಲ್ಲಿ ಸಂಪಾದಿಸುವಾಗ ಉಪಾಧ್ಯೆಯವರು ಕನ್ನಡ ಲಿಪಿಯ ಪ್ರತಿಗಳನ್ನು ಬದಿಗೆ ಸರಿಸಲಿಲ್ಲ. ಬ್ರಹ್ಮದೇವನ ಟೀಕೆಯ ಪಾಠಕ್ಕಿಂತ ಸಂಕ್ಷಿಪ್ತವಾದ ಪಾಠಪರಂಪರೆಯೊಂದು ಅವುಗಳಲ್ಲಿ ಉಳಿದಿದೆಯೆಂಬುದನ್ನು ತೋರಿಸಿದರು.

‘ಗೊಮ್ಮಟಸಾರ’ದ ಟೀಕೆಗಳ ವಿಚಾರ ಇದಕ್ಕಿಂತಲೂ ಗಂಭೀರವಾದುದು. ‘ಜೀವತತ್ತ್ವಪ್ರದೀಪಿಕೆ’ ಎಂಬ ಸಂಸ್ಕೃತ ಟೀಕೆಯನ್ನು ಕೇಶವವರ್ಣಿಯದೆಂದು ಪಂಡಿತರು ಬಹುಕಾಲ ನಂಬಿದ್ದರು. ಟೋಡರಮಲ್ಲರ ‘ಸಮ್ಯಗ್ಜ್ಞಾನಚಂದ್ರಿಕೆ’ಯು ಈ ಸಂಸ್ಕೃತ ಟೀಕೆಯನ್ನೇ ಆಧರಿಸಿದ್ದುದರಿಂದ ಉತ್ತರದೇಶದ ಸ್ವಾಧ್ಯಾಯ ಪರಂಪರೆಯೆಲ್ಲ ಅದರ ಮೇಲೆ ನಿಂತಿತ್ತು. ಉಪಾಧ್ಯೆಯವರು ಪ್ರಶಸ್ತಿಗಳನ್ನೂ ಟೀಕೆಗಳ ಮೈಯನ್ನೂ ಹೋಲಿಸಿ, ಕೇಶವಣ್ಣನು ಬರೆದುದು ಕನ್ನಡ ವೃತ್ತಿ (ಶಕ 1281), ಸಂಸ್ಕೃತ ಟೀಕೆಯು ಅದನ್ನು ಅನುಸರಿಸಿ ನೇಮಿಚಂದ್ರನೆಂಬ ಇನ್ನೊಬ್ಬನು ರಚಿಸಿದುದು ಎಂದು ಸಿದ್ಧಪಡಿಸಿದರು. ಪ್ರಶಸ್ತಿಯಲ್ಲಿ ಬರುವ ಮಲ್ಲಿಭೂಪಾಲನನ್ನು ಸಾಳುವ ಮಲ್ಲಿರಾಯನೆಂದು ಗುರುತಿಸಿ ಟೀಕೆಯ ಕಾಲವನ್ನು ಹದಿನಾರನೆಯ ಶತಮಾನದ ಆರಂಭಕ್ಕೆ ಇಟ್ಟರು. ಸಂಸ್ಕೃತದಿಂದ ಕನ್ನಡಕ್ಕೆ ಎಂಬ ಸಾಮಾನ್ಯ ನಿರೀಕ್ಷೆ ಇಲ್ಲಿ ತಲೆಕೆಳಗಾಯಿತು. ಆದರೆ ಆ ಕನ್ನಡ ವೃತ್ತಿಯು ಆಗಿನ್ನೂ ಅಚ್ಚಾಗಿರಲಿಲ್ಲ. ಪ್ರಮೇಯ ಸಿದ್ಧವಾಗಿತ್ತು, ಪ್ರಮಾಣಗ್ರಂಥ ಮಾತ್ರ ಭಂಡಾರದಲ್ಲಿಯೇ ಇತ್ತು.

ಇಂಥ ಗ್ರಂಥ ಹೊರಬರಬೇಕಾದರೆ ವಿದ್ವತ್ತೊಂದೇ ಸಾಲದು. ಪ್ರತಿಗಳನ್ನು ತೋರಿಸಲು ಭಂಡಾರದ ಧರ್ಮದರ್ಶಿಗಳು ಒಪ್ಪಬೇಕು, ದಾನಿಗಳು ಬೇಕು, ವರ್ಷಗಟ್ಟಲೆ ಕಾಯಬಲ್ಲ ಪ್ರಕಾಶಕರು ಬೇಕು. ಮೂಡಬಿದಿರೆಯ ಧವಲಾ ಪ್ರತಿಗಳ ವಿಷಯದಲ್ಲಿ ಈ ತೊಡಕುಗಳನ್ನೆಲ್ಲ ಸಮಾಜವು ಕಂಡಿದೆ. ಡಾ. ಹೀರಾಲಾಲ ಜೈನರು 1939ರಿಂದ 1959ರವರೆಗೆ ಹದಿನಾರು ಸಂಪುಟಗಳಲ್ಲಿ ಷಟ್ಖಂಡಾಗಮವನ್ನು ಪ್ರಕಟಿಸಿದಾಗ ಉಪಾಧ್ಯೆಯವರು ಅವರ ಸಹಕಾರಿಗಳಾಗಿದ್ದರು. ಈ ಜೋಡಿಯೇ ಮುಂದೆ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯನ್ನೂ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಯನ್ನೂ ನಡೆಸಿತು. ಜೀವರಾಜ ಮಾಲೆಯ ಮೊದಲ ಗ್ರಂಥವಾದ ಯತಿವೃಷಭರ ‘ತಿಲೋಯಪಣ್ಣತ್ತಿ’ ಎರಡು ಭಾಗಗಳಲ್ಲಿ (1943, 1951) ಬಂದಿತು. ಇತರರ ಗ್ರಂಥಗಳಿಗೆ ಪ್ರಧಾನ ಸಂಪಾದಕರು ಬರೆದ ಮುನ್ನುಡಿಗಳನ್ನು ಕೇವಲ ಔಪಚಾರಿಕವೆಂದು ಬಿಡುವಂತಿಲ್ಲ. ಅವುಗಳಲ್ಲಿ ಹಲವು ಸ್ವತಂತ್ರ ಲೇಖನಗಳಾಗಿ ನಿಲ್ಲುತ್ತವೆ. ಪಂಡಿತರಿಗೆ ಪಾಠಾಂತರ ಸೂಚನೆ, ಪದ್ಯಾನುಕ್ರಮಣಿಕೆಗಳ ಶಿಸ್ತನ್ನು ರೂಢಿಸಿದುದು ಗ್ರಂಥಮಾಲೆಗಳ ಈ ಆಡಳಿತವೇ.

1962ರಲ್ಲಿ ಕೊಲ್ಹಾಪುರದಲ್ಲಿ ಶಿವಾಜಿ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು. ಉಪಾಧ್ಯೆಯವರು ಅಲ್ಲಿ ಕಲಾನಿಕಾಯದ ಡೀನರಾದರು. ಹೊಸ ವಿಶ್ವವಿದ್ಯಾನಿಲಯದಲ್ಲಿ ಡೀನರ ಕೆಲಸವೆಂದರೆ ಸಭೆ, ಪಾಠಪಟ್ಟಿ, ನೇಮಕ, ಪರೀಕ್ಷೆ, ಅನುದಾನಗಳ ಬರೆಹ. ಇವುಗಳಲ್ಲಿ ಯಾವುದೂ ಗ್ರಂಥಸೂಚಿಯಲ್ಲಿ ಕಾಣದು. 1968ರಲ್ಲಿ ಆ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಾಕೃತ ವಿಚಾರಗೋಷ್ಠಿಯನ್ನು ಈ ಕೆಲಸದ ಒಂದು ಫಲವೆನ್ನಬೇಕು. ಸಂಸ್ಕೃತದ ಒಂದು ಮೂಲೆಯಲ್ಲಿ ಇದ್ದ ವಿಷಯ ತನ್ನದೇ ಸಭೆಯನ್ನು ಪಡೆಯಿತು. ಈ ನಡುವೆ 1966ರಲ್ಲಿ ಅಲಿಗಢದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಗಳೂ ಬಂದವು. ತಮ್ಮ ಹಿರಿಯ ಪೀಠಿಕೆಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದವರನ್ನು ಕನ್ನಡಿಗರು ತಮ್ಮವರೆಂದು ಕರೆದು ಗೌರವಿಸಿದರು. ಆದರೂ ಓಲೆಯನ್ನು ಓದಬಲ್ಲ ಎಷ್ಟೋ ಮಂದಿ ಮಠದ ಪಂಡಿತರಿಗೆ ಆ ಪೀಠಿಕೆಗಳು ಎಟುಕದೆ ಹೋದುದನ್ನೂ ಹೇಳದಿರಲಾಗದು.

ಈ ಹೊಣೆಗಳಿಗೆ ತೆತ್ತ ಬೆಲೆ ಏನು? ‘ಕುವಲಯಮಾಲೆ’ಯ ಪ್ರಕಟನೆಯ ವರ್ಷಗಳು ಒಂದು ಸೂಚನೆ ಕೊಡುತ್ತವೆ. ಶಕ 700 ತುಂಬಲು ಒಂದು ದಿನ ಉಳಿದಿರುವಾಗ ಜಾಬಾಲಿಪುರದಲ್ಲಿ ಮುಗಿದ ಈ ಕಥೆಗೆ ಆಧಾರವಾಗಿ ದೊರೆತುದು ಎರಡೇ ಪ್ರತಿಗಳು, ಜೈಸಲ್ಮೇರಿನ ತಾಡಪತ್ರ ಹಾಗೂ ಪುಣೆಯ ಕಾಗದದ ಪ್ರತಿ. ಮುನಿ ಜಿನವಿಜಯರು ವಹಿಸಿದ ಈ ಕೆಲಸದ ಮೂಲಪಾಠ ಸಿಂಘೀ ಜೈನ ಗ್ರಂಥಮಾಲೆಯಲ್ಲಿ 1959ರಲ್ಲಿ ಹೊರಬಂದಿತು. ಪೀಠಿಕೆ ಟಿಪ್ಪಣಿಗಳಿರುವ ಎರಡನೆಯ ಭಾಗ ಬಂದುದು 1970ರಲ್ಲಿ. ನಡುವಣ ಹನ್ನೊಂದು ವರ್ಷಗಳಲ್ಲಿಯೇ ಡೀನರ ಅವಧಿಯೂ ಅಡಗಿದೆ. ವಿಳಂಬಕ್ಕೆ ಕಾರಣಗಳು ಹಲವಿರಬಹುದು; ಆದರೆ 1935ರಿಂದ 1938ರೊಳಗೆ ಮೂರು ಹಿರಿಯ ಆವೃತ್ತಿಗಳನ್ನು ಕೊಟ್ಟವರ ವೇಗ ಇದಲ್ಲ. ಗೋಷ್ಠಿಯೂ ವಿಭಾಗವೂ ಲಾಭವಾದರೆ, ಕೇಶವಣ್ಣನ ವೃತ್ತಿಯಂಥ ಗ್ರಂಥ ಸಾಲಿನಲ್ಲಿ ಹಿಂದಕ್ಕೆ ಸರಿದುದು ನಷ್ಟ. ಎರಡನ್ನೂ ಲೆಕ್ಕಕ್ಕೆ ಹಿಡಿಯುವುದೇ ನ್ಯಾಯ.

1971ರಲ್ಲಿ ಉಪಾಧ್ಯೆಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿ ಬಂದರು. 1905ರಲ್ಲಿ ಆರ್. ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆ ದೊರೆತುದು ಇದೇ ಊರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ. ಓಲೆಗಳ ಬೆಲೆಯರಿತ ಈ ಊರಿನಲ್ಲಿ ಜೈನಶಾಸ್ತ್ರಕ್ಕೆ ಪೀಠವೊಂದು ಏರ್ಪಟ್ಟುದು ತಡವಾಗಿಯಾದರೂ ಉಚಿತವೇ ಆಯಿತು. ಬೆಳಗೊಳದ ಅಭಿನವ ಚಾರುಕೀರ್ತಿ ಪಂಡಿತಾಚಾರ್ಯರ ‘ಗೀತವೀತರಾಗ’ ಅವರ ಸಂಪಾದನೆಯಲ್ಲಿ 1972ರಲ್ಲಿ ಜ್ಞಾನಪೀಠದಿಂದ ಪ್ರಕಟವಾಯಿತು. 1971ರಲ್ಲಿ ಕ್ಯಾನ್‌ಬೆರಾದಲ್ಲಿಯೂ 1973ರಲ್ಲಿ ಪ್ಯಾರಿಸ್ಸಿನಲ್ಲಿಯೂ ಕೂಡಿದ ಪ್ರಾಚ್ಯವಿದ್ವಾಂಸರ ಸಭೆಗಳಲ್ಲಿ ಅವರು ಭಾಗವಹಿಸಿದರು. ಪೀಠದ ಹೊಣೆ 1975ರವರೆಗೆ ಅವರಲ್ಲಿತ್ತು. ಅದೇ ವರ್ಷ ಅಕ್ಟೋಬರ್ 8ರಂದು ಕೊಲ್ಹಾಪುರದಲ್ಲಿ ಅವರು ನಿಧನರಾದರು. ವಿಭಾಗ ಮುಚ್ಚಲಿಲ್ಲ. ಒಬ್ಬರ ಕೀರ್ತಿಯಿಂದ ಹುಟ್ಟಿದ ಪೀಠಗಳು ಅವರೊಡನೆಯೇ ಕಣ್ಮರೆಯಾಗುವ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಅವರ ಬಿಡಿಲೇಖನಗಳ ಸಂಪುಟವನ್ನು ಮೈಸೂರು ವಿಶ್ವವಿದ್ಯಾನಿಲಯವೇ 1983ರಲ್ಲಿ ಪ್ರಕಟಿಸಿತು.

ಕೇಶವಣ್ಣನ ಕನ್ನಡ ವೃತ್ತಿಯು ಸಂಸ್ಕೃತ ಟೀಕೆಯೊಡನೆ ‘ಗೊಮ್ಮಟಸಾರ’ದ ಸಂಪುಟಗಳಲ್ಲಿ ಅಚ್ಚಿಗೆ ಬರಲು 1978ರವರೆಗೆ ಕಾಯಬೇಕಾಯಿತು. ಪ್ರಕಾಶಕರು ಭಾರತೀಯ ಜ್ಞಾನಪೀಠದವರು, ಸಂಪಾದಕರು ಡಾ. ಉಪಾಧ್ಯೆ ಮತ್ತು ಪಂಡಿತ ಕೈಲಾಶಚಂದ್ರ ಶಾಸ್ತ್ರಿ. ಕೈಗೆ ಬಂದ ಮೊದಲ ಸಂಪುಟವನ್ನು ತೆರೆದು ನೋಡಲು ಉಳಿದಿದ್ದವರು ಶಾಸ್ತ್ರಿಗಳೊಬ್ಬರೇ.