ಮೂರಂಕಿಯ ಉತ್ತರ

ವಾಮಂಜೂರಿನಲ್ಲಿ ಒಂದು ಬೇಸಗೆ, ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ, ನನ್ನ ವಿದ್ಯಾರ್ಥಿನಿಯೊಬ್ಬಳು ಮೊಬೈಲು ಹಿಡಿದು ಅಳುತ್ತ ಬಂದಳು. ಪರದೆಯ ಮೇಲೆ 503 ಎಂದಿತ್ತು. ತನ್ನ ನೋಂದಣಿ ಸಂಖ್ಯೆಯೇ ಪಟ್ಟಿಯಲ್ಲಿಲ್ಲವೆಂದು ಆಕೆ ಬಗೆದಿದ್ದಳು. “ಇಲ್ಲ ಮಗೂ, ಈಗ ಬಿಡುವಿಲ್ಲ, ತುಸು ತಾಳು ಎನ್ನುತ್ತಿದೆ” ಎಂದೆ.

ಈ ಅಂಕಿಗಳಿಗೂ ಒಂದು ಚರಿತ್ರೆಯುಂಟು. 1991ರಲ್ಲಿ ಟಿಮ್ ಬರ್ನರ್ಸ್-ಲೀಯವರು ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ರೂಪಿಸಿದ ಜಾಲದ ಮೊದಲ ನಿಯಮದಲ್ಲಿ ಅಂಕಿಗಳೇ ಇರಲಿಲ್ಲ. ಕೇಳಿದ ಪುಟವೂ ದೋಷದ ಸುದ್ದಿಯೂ ಒಂದೇ ವೇಷದಲ್ಲಿ ಬರುತ್ತಿದ್ದುವು. ಓದಿದ ಮನುಷ್ಯನಿಗೆ ಭೇದ ತಿಳಿದೀತು, ಯಂತ್ರಕ್ಕೆ ತಿಳಿಯದು. ಕಡತ ಸಾಗಣೆಯ ನಿಯಮದಲ್ಲಿ 1970ರ ದಶಕದಿಂದಲೇ ಮೂರಂಕಿಯ ಉತ್ತರಗಳಿದ್ದುವು. ಅಂಥದೇ ಪದ್ಧತಿ 1996ರ ಮೇ ತಿಂಗಳಲ್ಲಿ ಪ್ರಕಟವಾದ ಜಾಲನಿಯಮದಲ್ಲಿಯೂ ಸೇರಿತು.

ನಮ್ಮ ವಿಭಕ್ತಿಪ್ರತ್ಯಯ ಪದದ ಕೊನೆಗೆ ನಿಲ್ಲುತ್ತದೆ. ಇಲ್ಲಿಯಾದರೋ ಮೊದಲಂಕಿಯೇ ಮುಖ್ಯ. 2 ಎಂದರೆ ಕೆಲಸವಾಯಿತು. 3 ಎಂದರೆ ಬೇರೆಡೆ ನೋಡು. 4 ಎಂದರೆ ಕೇಳಿದವನ ಕಡೆಯ ದೋಷ. 5 ಎಂದರೆ ಕೊಡುವವನ ಕಡೆಯದು. ಹುಡುಗಿ ಅತ್ತದ್ದು ಐದನ್ನು ನಾಲ್ಕೆಂದು ತಿಳಿದು.

ನಾಲ್ಕರ ಬಳಗದಲ್ಲಿಯೂ ಭೇದಗಳುಂಟು. ಅಂಚೆಯವನ ಮಾತಿನಲ್ಲಿ ಹೇಳುವುದಾದರೆ, 404 ಎಂದರೆ ಈ ವಿಳಾಸದಲ್ಲಿ ಯಾರೂ ಸಿಕ್ಕಲಿಲ್ಲ. 403 ಎಂದರೆ ಒಳಗೆ ಬಿಡಲೊಲ್ಲರು. 1997ರಲ್ಲಿ ಸೇರಿದ 410 ಎಂದರೆ ಇದ್ದರು, ಹೋದರು, ಮರಳುವಂತೆ ಕಾಣುವುದಿಲ್ಲ. (404 ಸರ್ನ್‌ನ ಒಂದು ಕೋಣೆಯ ಸಂಖ್ಯೆಯೆಂಬ ಕಥೆ ಬರಿಯ ಕಥೆ.) ಕಾನೂನು ತಡೆದ ಪುಟಕ್ಕೆ 2016ರಲ್ಲಿ 451 ಬಂದಿತು; ಪುಸ್ತಕ ಸುಡುವವರನ್ನು ಕುರಿತ ರೇ ಬ್ರಾಡ್‌ಬರಿಯ ಕಾದಂಬರಿಯ ಹೆಸರಿನಿಂದ ತೆಗೆದ ಅಂಕಿಯದು.

ಸಂಜೆ ಹುಡುಗಿಗೆ 200 ಬಂದಿತು. ಆ ಅಂಕಿ ಪರದೆಯಲ್ಲಿ ಕಾಣುವುದಿಲ್ಲ, ಕಂಡದ್ದು ಅಂಕಪಟ್ಟಿ.