ತೊಗಲುಗೊಂಬೆಯಿಂದ ರಟ್ಟಿನ ಹಸುವಿನವರೆಗೆ

ಕಳೆದ ವರ್ಷ ನಮ್ಮ ಕನ್ನಡ ಶಾಲೆಯ ಪುಟ್ಟ ಮಕ್ಕಳಿಗೆ ಪುಣ್ಯಕೋಟಿಯ ಕಥೆ ಹೇಳುವ ಕೆಲಸ ನನಗೆ ಬಂತು. ಐದು ನಿಮಿಷದಲ್ಲಿ ಅರ್ಧ ತರಗತಿ ಕಿಟಕಿಯ ಕಡೆ ನೋಡುತ್ತಿತ್ತು. ಅಮೆರಿಕದಲ್ಲಿ ಹುಟ್ಟಿದ ಈ ಮಕ್ಕಳಿಗೆ ಕೊಟ್ಟಿಗೆ, ಕರು, ಗೊಲ್ಲ ಎಂಬ ಪದಗಳೇ ಗೊತ್ತಿರಲಿಲ್ಲ. ಮುಂದಿನ ಭಾನುವಾರ ರಟ್ಟಿನಲ್ಲಿ ಒಂದು ಹಸು, ಒಂದು ಹುಲಿ ಕತ್ತರಿಸಿ, ಬಣ್ಣ ಹಚ್ಚಿ, ಕಡ್ಡಿಗೆ ಅಂಟಿಸಿಕೊಂಡು ಹೋದೆ. ಎಲ್ಲರೂ ಹತ್ತಿರ ಬಂದು ಕುಳಿತರು.

ಇದು ನನ್ನದೇ ಉಪಾಯ ಎಂದುಕೊಂಡಿದ್ದೆ. ಆದರೆ ನಮ್ಮ ನಾಡಿನ ತೊಗಲುಗೊಂಬೆಯಾಟದ ಬಗ್ಗೆ ಓದಿದಾಗ ಇದು ಎಷ್ಟು ಹಳೆಯದು ಎಂದು ತಿಳಿಯಿತು.

ಕಿಳ್ಳೇಕ್ಯಾತ ಸಮುದಾಯದ ಕುಟುಂಬಗಳು ಊರಿಂದ ಊರಿಗೆ ಹೋಗಿ ರಾಮಾಯಣ, ಮಹಾಭಾರತದ ಕಥೆಗಳನ್ನು ಆಡಿಸುತ್ತಿದ್ದವು. ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಆಕಾರ ಕತ್ತರಿಸಿ, ಬಣ್ಣ ತುಂಬುತ್ತಿದ್ದರು. ಬಿಳಿ ಪರದೆ, ಅದರ ಹಿಂದೆ ದೀಪ. ಮೊದಲು ಗಣಪತಿಯ ಗೊಂಬೆ ಬರುತ್ತದೆ. ಕಥೆಯ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಜೋಡಿ ಬಂದು ನಗಿಸುತ್ತದೆ. ದೇವರು ಮತ್ತು ರಾಜರ ಗೊಂಬೆಗಳು ದೊಡ್ಡವು, ಸೇವಕರ ಗೊಂಬೆಗಳು ಚಿಕ್ಕವು. ಹಾಗಾಗಿ ಓದಲು ಬಾರದವರಿಗೂ, ಪುಟ್ಟ ಮಗುವಿಗೂ ಪರದೆಯ ಮೇಲೆ ಬಂದವರು ಯಾರೆಂದು ಮಾತಿಗೆ ಮೊದಲೇ ಅಂದಾಜಾಗುತ್ತದೆ.

ಸಿನಿಮಾ, ಟೀವಿ ಬಂದ ಮೇಲೆ ಈ ಆಟ ನೋಡುವವರು ಕಡಿಮೆಯಾದರು. ಆದರೂ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೊಂಬೆ ಆಡಿಸಿದರು. 2025ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿತು.

ಈ ಇತಿಹಾಸದಿಂದ ನನ್ನ ಒಂದು ತಪ್ಪೂ ತಿಳಿಯಿತು. ಮೂರನೇ ವಾರ ನಾನು ಹಸು, ಹುಲಿಯನ್ನು ಮಕ್ಕಳ ಕೈಗೆ ಕೊಟ್ಟು ಸುಮ್ಮನೆ ಕುಳಿತಿದ್ದೆ. ಅವರು ಖುಷಿಯಾಗಿ ಆಡಿದರು, ಪೂರ್ತಿ ಇಂಗ್ಲಿಷಿನಲ್ಲಿ! ತೊಗಲುಗೊಂಬೆಯಾಟದಲ್ಲಿ ಗೊಂಬೆ ಎಂದೂ ಒಂಟಿಯಲ್ಲ. ಆಡಿಸುವವರು ಹಾಡುತ್ತಾರೆ, ಪ್ರತಿ ಪಾತ್ರದ ಮಾತನ್ನೂ ಆಡುತ್ತಾರೆ. ಗೊಂಬೆ ಮಗುವಿನ ಕಣ್ಣನ್ನು ಹಿಡಿದಿಡುತ್ತದೆ, ಅಷ್ಟೇ. ಕನ್ನಡವನ್ನು ನಾವೇ ಕೊಡಬೇಕು.

ಆದ್ದರಿಂದ ಪೋಷಕರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಸೌಟು ಹುಲಿಯಾಗಬಹುದು, ಟವೆಲ್ಲು ಹಸುವಾಗಬಹುದು. ದುಡ್ಡು ಖರ್ಚು ಮಾಡಬೇಕಿಲ್ಲ. ಆದರೆ ಆ ಹುಲಿ ಕನ್ನಡದಲ್ಲೇ ಗರ್ಜಿಸಲಿ.

ನಾಲ್ಕನೇ ವಾರ ನಾನು ಗೊಂಬೆ ಹಿಡಿದು ಮತ್ತೆ ಕಥೆ ಹೇಳಿದೆ. ಅದುವರೆಗೆ ಕನ್ನಡದಲ್ಲಿ ಒಂದು ಮಾತನ್ನೂ ಆಡದಿದ್ದ ಹುಡುಗಿ ಎದ್ದು ನಿಂತು, “ಅಕ್ಕಾ, ಕರು ಎಲ್ಲಿ?” ಎಂದು ಕೇಳಿದಳು. ನಾನು ಕರು ಮಾಡಿರಲೇ ಇಲ್ಲ!

ಈ ವರ್ಷ ನಾನು ಪದವಿ ಪಡೆದು ಹೋಗುತ್ತಿದ್ದೇನೆ. ಹಸು, ಹುಲಿ ತರಗತಿಯ ಕಪಾಟಿನಲ್ಲಿವೆ, ಈಗ ಜೊತೆಗೆ ಒಂದು ಕರುವೂ ಇದೆ.