ಸದಾರಮೆಯ ಕಳ್ಳ

ಹುಬ್ಬಳ್ಳಿಯಿಂದ ಹರಿಹರಕ್ಕೆ ಸಾಗುವ ರೈಲುದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದರ ಹಿಂದೊಂದು ಬರುವವು. ಏಲಕ್ಕಿಯ ಮಾಲೆಗೂ ಮೆಣಸಿನಕಾಯಿಗೂ ಹತ್ತಿಗೂ ಹೆಸರಾದ ಈ ಪೇಟೆಗಳು 1956ರ ವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ತುಂಗಭದ್ರೆಯನ್ನು ದಾಟಿದೊಡನೆ ಮೈಸೂರು ಸೀಮೆ. ರಾಜಕಾರಣವು ಎರಡಾಗಿ ಸೀಳಿದ ಕನ್ನಡಿಗರನ್ನು ಒಂದೇ ಹಾಡಿಗೆ ತಲೆದೂಗುವಂತೆ ಮಾಡಿದ ಪುಣ್ಯದಲ್ಲಿ ನಾಟಕಕಂಪನಿಗಳ ಪಾಲು ಸಣ್ಣದಲ್ಲ.

ಈಚೆಯ ದಡದಲ್ಲಿ ಗದಗಿನ ಗರುಡ ಸದಾಶಿವರಾಯರು ಮೆರೆದಂತೆ, ಆಚೆಯ ದಡದಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವು ಮೆರೆಯಿತು. ಆನೆ ಕುದುರೆಗಳನ್ನೇ ರಂಗಕ್ಕೆ ತಂದ 'ಕುರುಕ್ಷೇತ್ರ'ವು ಅದರ ವೈಭವ. ಆದರೆ ಜನರು ಮನೆಗೆ ಕೊಂಡೊಯ್ದುದು 'ಸದಾರಮೆ'ಯ ನಗೆಯನ್ನು.

ಕಥೆ ಬಹು ಹಗುರಾದುದು. ರಾಜಕುಮಾರನು ವರ್ತಕನ ಮಗಳನ್ನು ಮೋಹಿಸಿ ವರಿಸುವನು. ದಂಪತಿಗಳು ಕಷ್ಟಕ್ಕೀಡಾಗಿ ಅಗಲುವರು. ಸದಾರಮೆಯು ಕಳ್ಳನ ಕೈಗೆ ಸಿಕ್ಕಿ, ಉಪಾಯದಿಂದ ಪಾರಾಗಿ, ಪುರುಷವೇಷವನ್ನು ತಾಳಿ, ಕೊನೆಗೆ ಪತಿಯನ್ನು ಸೇರುವಳು. ತಮಿಳು, ಮಲೆಯಾಳ ರಂಗಗಳಲ್ಲಿಯೂ ಈ ಕಥೆ ಬೆಳೆದಿತ್ತು. ಇದರಲ್ಲಿ ಕಳ್ಳನ ಪಾಲು ಅಲ್ಪ. ಆದರೆ ಗುಬ್ಬಿ ವೀರಣ್ಣನವರು (1891–1972) ಆ ವೇಷವನ್ನು ತೊಟ್ಟ ಮೇಲೆ ನಾಯಕನ ವಿರಹವು ಹಿಂದೆ ಬಿದ್ದಿತು. ಕಳ್ಳನು ಸದಾರಮೆಯನ್ನು ಕಳೆದುಕೊಂಡರೂ ನಾಟಕವನ್ನೇ ಕದ್ದನು.

ಹಾಸ್ಯವು ರಸವನ್ನು ಕೆಡಿಸುವದೆಂದು ಪಂಡಿತರು ಆಕ್ಷೇಪಿಸುವದುಂಟು. ಆದರೆ ನಾಯಕನ ಗೌರವವು ಕವಿ ಕೊಟ್ಟ ಸೊತ್ತು. ಕಳ್ಳನ ಗೌರವವು ನಟನು ಪ್ರತಿರಾತ್ರಿಯೂ ದುಡಿದು ಗಳಿಸತಕ್ಕುದು. ಒಂದು ಸಾಯಂಕಾಲ ನಗೆ ತಪ್ಪಿದರೆ ಅವನಿಗೆ ಆಸರೆಯಾಗಲು ಕಿರೀಟವಿಲ್ಲ, ಕಂದಪದ್ಯವಿಲ್ಲ. ಹಗುರಾದುದನ್ನು ಹೊರುವದೇ ಹೆಚ್ಚು ಭಾರವೆಂಬುದನ್ನು ರಂಗದವರು ಮಾತ್ರ ಬಲ್ಲರು.

1935ರಲ್ಲಿ 'ಸದಾರಮೆ'ಯು ಚಿತ್ರವಾಯಿತು. ಕನ್ನಡದ ಮೊದಲ ಮಾತನಾಡುವ ಚಿತ್ರ 'ಸತಿ ಸುಲೋಚನ' ತೆರೆ ಕಂಡು ಆಗ ಒಂದೇ ವರ್ಷವಾಗಿತ್ತು. ಅಶ್ವತ್ಥಮ್ಮನವರು ನಾಯಿಕೆಯಾದರು. 1956ರಲ್ಲಿ ಕಥೆಯು ಮತ್ತೊಮ್ಮೆ ತೆರೆಗೆ ಬಂದಿತು. ರಂಗದ ಮೇಲಾದರೋ ಅದಕ್ಕೆ ಇನ್ನೊಂದು ಜನ್ಮವೇ ದೊರೆಯಿತು: ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಅಜ್ಜನ ಅದೇ ಕಳ್ಳನ ವೇಷವನ್ನು ತೊಟ್ಟರು. ಒಂದು ಕಾಲಕ್ಕೆ ಸ್ತ್ರೀಪಾತ್ರಗಳನ್ನು ಗಂಡಸರೇ ಕಟ್ಟುತ್ತಿದ್ದ ವೃತ್ತಿರಂಗದಲ್ಲಿ, ಹೆಂಗಸರಿಗೆ ಎಡೆಮಾಡಿದ ಕಂಪನಿಗಳಲ್ಲಿ ಗುಬ್ಬಿಯದು ಮುಖ್ಯವಾದುದು. ಪುರುಷವೇಷದಿಂದ ಪಾರಾದ ಸದಾರಮೆಯ ಕಥೆಯಲ್ಲಿ, ಕಡೆಗೆ ಕಳ್ಳನ ವೇಷವೂ ಹೆಣ್ಣಿನ ಪಾಲಿಗೆ ಬಂದಿತು.

ನಾಡು ಒಂದಾಗುವ ಮೊದಲೇ ನಗೆ ಒಂದಾಗಿತ್ತು. ಮಹಾಕಾವ್ಯಗಳ ಜತೆಗೆ ಈ ಕಳ್ಳನಿಗೂ ಕನ್ನಡದ ಚರಿತ್ರೆಯಲ್ಲಿ ಒಂದು ಮಣೆ ಹಾಕುವದು ನ್ಯಾಯ.